ಚಿಪ್ ಓದಿದವರಿಗೆ ಹುಳುವಿನ ಗೊಡವೆ ಯಾಕೆ?

ಹಾರುವ ಕೀಟಗಳನ್ನು ಬೆಳಕಿನಿಂದ ಎಣಿಸುವ ಚಿಪ್ ಕುರಿತ ನನ್ನ ಸಂಶೋಧನೆ ಮುಗಿದ ಮೇಲೂ ಬೆನ್ನು ಬಿಡದ ಪ್ರಶ್ನೆ ಇದು. ಐಸಿ, ಅಂದರೆ ಚಿಪ್, ವಿನ್ಯಾಸದವರು ಕೇಳುತ್ತಾರೆ, ಕೀಟಶಾಸ್ತ್ರದವರು ಕೇಳುತ್ತಾರೆ, ಪಿಎಚ್‌.ಡಿ.ಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಂತೂ ಪತ್ರ ಬರೆದೇ ಕೇಳುತ್ತಾರೆ: “ನೀವು ಚಿಪ್ ಮಾಡುವವರು. ಬೆಳಕಿನ ಸಾಧನಗಳವರೆಗೆ ಸರಿ, ಅದಕ್ಕೂ ಇದಕ್ಕೂ ನಂಟಿದೆ. ಸಮಗ್ರ ಕೀಟ ನಿರ್ವಹಣೆಗೂ ನಿಮಗೂ ಏನು ಸಂಬಂಧ?” ಕೆಲವರ ದನಿಯಲ್ಲಿ ಕುತೂಹಲವಿರುತ್ತದೆ. ಇನ್ನು ಕೆಲವರ ದನಿಯಲ್ಲಿ, ಪಾಪ, ಬೇರೆ ವಿಷಯ ಸಿಗಲಿಲ್ಲವೇನೋ ಎಂಬ ಮರುಕ.

ಉತ್ತರ ಒಂದು ಸಾಲಿನಲ್ಲಿ ಹೇಳಬಹುದು. ಕೀಟ ನಿರ್ವಹಣೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಎಣಿಸುವುದು. ಹಾರುವ ಕೀಟವನ್ನು ಬೆಳಕಿನಿಂದ ಎಣಿಸಲು ಹೊರಟರೆ ನೀವು ನೇರವಾಗಿ ಸರ್ಕಿಟ್‌ನ ಕಷ್ಟಗಳ ನಡುವೆ ಬಂದು ಬೀಳುತ್ತೀರಿ. ಆದರೆ ಒಂದು ಸಾಲಿನ ಉತ್ತರಕ್ಕೆ ಯಾರೂ ತಲೆದೂಗುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು, ಸ್ಟರ್ನ್, ಸ್ಮಿತ್, ವ್ಯಾನ್ ಡೆನ್ ಬಾಷ್ ಮತ್ತು ಹೇಗನ್, ಸಮಗ್ರ ಕೀಟ ನಿರ್ವಹಣೆಗೆ ಬುನಾದಿಯಾದ ಒಂದು ಲೇಖನ ಪ್ರಕಟಿಸಿದರು. ಅದರ ಹಿಂದೆ ಇದ್ದದ್ದು ಕುದುರೆಮಸಾಲೆ ಎಂಬ ಮೇವಿನ ಬೆಳೆಗೆ ಬಿದ್ದ ಸಸ್ಯಹೇನಿನ ಅನುಭವ. ಹೊಲದಲ್ಲಿ ಕೀಟ ಕಂಡ ಮಾತ್ರಕ್ಕೆ ಔಷಧಿ ಹೊಡೆಯಬೇಕಿಲ್ಲ ಎಂಬುದು ಅವರ ವಾದ. ಕೀಟದ ಸಂಖ್ಯೆ ಇಷ್ಟಾದರೆ ನಷ್ಟವನ್ನು ತಾಳಲಾಗದು ಎಂಬ ಒಂದು ಮಟ್ಟವಿದೆ. ಸಂಖ್ಯೆ ಏರುತ್ತಾ ಅಲ್ಲಿಗೆ ಮುಟ್ಟುವ ಮುನ್ನ ಕ್ರಮ ಕೈಗೊಳ್ಳಬೇಕಾದ, ಅದಕ್ಕಿಂತ ತುಸು ಕೆಳಗಿನ ಇನ್ನೊಂದು ಮಟ್ಟವಿದೆ. ಅಲ್ಲಿಯವರೆಗೆ ಸುಮ್ಮನಿರುವುದೇ ಜಾಣತನ, ಏಕೆಂದರೆ ಸುಮ್ಮನಿದ್ದಾಗ ಗುಲಗಂಜಿ ಹುಳು, ಜೇಡ, ಬೇರೆ ಕೀಟಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಪರತಂತ್ರ ಕಣಜಗಳು ನಮ್ಮ ಪರವಾಗಿ ಕೆಲಸ ಮಾಡುತ್ತಿರುತ್ತವೆ.

ಸುಮ್ಮನಿರಲಾರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇಂಡೋನೇಷ್ಯಾದ ಭತ್ತದ ಗದ್ದೆಗಳು ಸಾಕ್ಷಿ. ಕಂದು ಜಿಗಿಹುಳು ತನ್ನ ಮೊಟ್ಟೆಗಳನ್ನು ಕಾಂಡವನ್ನು ಸುತ್ತಿರುವ ಎಲೆಬುಡದ ಕವಚದೊಳಗೆ ತೂರಿಸಿ ಇಡುತ್ತದೆ. ಸಿಂಪಡಿಸಿದ ವಿಷ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಹೊರಗಿರುವ ಜೇಡಗಳಿಗೆ ಮಾತ್ರ ತಲುಪುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳಿಗೆ ವೈರಿಯೇ ಇಲ್ಲದ ಗದ್ದೆ! ಹೊಡೆದಷ್ಟೂ ಹುಳು ಹೆಚ್ಚಿತು. ಕೊನೆಗೆ 1986ರಲ್ಲಿ ಅಲ್ಲಿನ ಸರ್ಕಾರ 57 ಕೀಟನಾಶಕಗಳನ್ನು ಭತ್ತದ ಮೇಲೆ ಬಳಸದಂತೆ ನಿಷೇಧಿಸಿತು.

ಹಾಗಾದರೆ ಯಾವಾಗ ಸುಮ್ಮನಿರಬೇಕು, ಯಾವಾಗ ಎದ್ದೇಳಬೇಕು? ಅದನ್ನು ತಿಳಿಯಲು ಎಣಿಸಬೇಕು. ಹಳದಿ ಅಂಟು ಹಾಳೆ ನೇತುಹಾಕಿ, ಕೆಲವು ದಿನ ಬಿಟ್ಟು ಬಂದು, ಧೂಳು ಕುಳಿತ ಆ ಹಾಳೆಯ ಮೇಲೆ ಯಾವುದು ಬಿಳಿನೊಣ, ಯಾವುದು ಥ್ರಿಪ್ಸ್, ಯಾವುದು ಬರೀ ಹೊಟ್ಟು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಕೀಟಶಾಸ್ತ್ರ ವಿಭಾಗದ ಸಹಪಾಠಿಗಳು ಈ ಕೆಲಸ ಮಾಡುವುದನ್ನು ನೋಡಿದವರಿಗೆ ‘ಇದನ್ನು ಯಂತ್ರ ಯಾಕೆ ಮಾಡಬಾರದು’ ಎನ್ನಿಸದೆ ಇರದು. ನನಗೂ ಹಾಗೇ ಅನ್ನಿಸಿತು.

ಉಪಾಯ ಹೊಸದೇನಲ್ಲ. ಕೀಟ ಹಿಡಿಯುವ ಬಲೆಯ ಬಾಯಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಪರದೆಯೊಂದನ್ನು ಹಾಯಿಸಿ, ಎದುರಿಗೆ ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್ ಇಡುವುದು. ಕೀಟ ಹಾದುಹೋದಾಗ, ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದು ಗುಬ್ಬು ಏಳುತ್ತದೆ: ದೇಹದ ನೆರಳು. ಆ ಗುಬ್ಬಿನ ಬೆನ್ನ ಮೇಲೆ ಸಣ್ಣ ಸಣ್ಣ ಹಲ್ಲುಗಳು: ರೆಕ್ಕೆ ಬಡಿತ. ಹಲ್ಲುಗಳ ನಡುವಿನ ಅಂತರ ಅಳೆದರೆ ಬಡಿತದ ವೇಗ ಸಿಕ್ಕಿತು. ಜೇನುನೊಣದ್ದು ಸೆಕೆಂಡಿಗೆ ಸುಮಾರು 230, ಡೆಂಗಿ ಹರಡುವ ಈಡಿಸ್ ಹೆಣ್ಣುಸೊಳ್ಳೆಯದು 400ಕ್ಕೂ ಮೇಲೆ, ಗಂಡಿನದು ಅದಕ್ಕೂ ಹೆಚ್ಚು. ಪ್ರಯೋಗಾಲಯದ ದೀಪ ಹೊತ್ತಿಸಿಟ್ಟರೆ 100 ಹರ್ಟ್ಸ್‌ನಲ್ಲಿ ಒಂದು ‘ಕೀಟ’ ಸದಾ ಹಾರುತ್ತಲೇ ಇರುತ್ತದೆ. ಅದು 50 ಹರ್ಟ್ಸ್ ವಿದ್ಯುತ್ತಿನ ಮಿಣುಕು. ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರನ್ನು ಗುರುತಿಸುವುದು ಸುಲಭ, ಅವರ ಮೊದಲ ಆವಿಷ್ಕಾರ ಈ ಕೀಟವೇ ಆಗಿರುತ್ತದೆ.

ಕಷ್ಟ ಶುರುವಾಗುವುದು ಇದನ್ನೆಲ್ಲ ಕೂರಿಸಿದ ಪೆಟ್ಟಿಗೆಯನ್ನು ಬಿಸಿಲಿಗೆ ತಂದಾಗ. ನಡು ಹಗಲಿನ ಸೂರ್ಯ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 1000 ವ್ಯಾಟ್ ಸುರಿಯುತ್ತಾನೆ. ಅಂದರೆ ಒಂದು ಚದರ ಮಿಲಿಮೀಟರಿನ ಫೋಟೋಡಯೋಡ್‌ಗೆ 1 ಮಿಲಿವ್ಯಾಟ್. ಅದರಿಂದ ಹುಟ್ಟುವ ವಿದ್ಯುತ್ತು 0.3 ಮಿಲಿಆಂಪಿಯರ್ ಆಸುಪಾಸು. ರೆಕ್ಕೆಯ ಸಂಕೇತ ಕೆಲವೇ ನ್ಯಾನೋಆಂಪಿಯರ್, ಬಿಸಿಲಿನದರ ಲಕ್ಷದಲ್ಲೊಂದು ಪಾಲಿನಷ್ಟು. ಅದನ್ನು ಕಾಣುವಷ್ಟು ಹಿಗ್ಗಿಸಲು ಆಂಪ್ಲಿಫೈಯರ್‌ಗೆ 1 ಮೆಗಾಓಮ್ ರೋಧಕ ಹಾಕಿದಿರಿ ಎನ್ನೋಣ. ಆಗ ಬಿಸಿಲಿನ ಪಾಲೇ 300 ವೋಲ್ಟ್ ಕೇಳುತ್ತದೆ. ನಿಮ್ಮ ಚಿಪ್ಪಿಗೆ ಇರುವುದು 1.8 ವೋಲ್ಟ್. ಆಂಪ್ಲಿಫೈಯರ್ ತಾರಸಿಗೆ ತಲೆ ತಾಗಿಸಿಕೊಂಡು ನಿಂತುಬಿಡುತ್ತದೆ.

ಸರ್ಕಿಟ್ ಓದಿದವರಿಗೆ ಇಂಥ ಜಾಗದಲ್ಲಿ ಕೈ ತುರಿಸುತ್ತದೆ. ಎಲ್‌ಇಡಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿನುಗಿಸು, ಹೊತ್ತಿದಾಗಿನ ಅಳತೆಯಿಂದ ಆರಿದಾಗಿನ ಅಳತೆಯನ್ನು ಕಳೆ, ಬಿಸಿಲಿನ ಪಾಲನ್ನು ಆಂಪ್ಲಿಫೈಯರ್‌ನ ಬಾಗಿಲಲ್ಲೇ ಹೀರಿಕೊಳ್ಳುವ ಇನ್ನೊಂದು ಸರ್ಕಿಟ್ ಕಟ್ಟು. ಇವೆಲ್ಲ ಮಾಡಬಹುದು, ಮಾಡಿದೆವು ಕೂಡ. ಆದರೆ ಕಳೆಯಲು ಬರುವುದು ಬಿಸಿಲಿನ ಸರಾಸರಿ ಮಾತ್ರ. ಬೆಳಕು ಫೋಟಾನು ಎಂಬ ಕಣಗಳಾಗಿ, ತಗಡಿನ ಮೇಲೆ ಬೀಳುವ ಮಳೆಯ ಹಾಗೆ ಬರುತ್ತದೆ. ಒಂದೇ ಸಮನೆ ಸುರಿಯುತ್ತಿದ್ದರೂ ಆ ಕ್ಷಣದ ಹನಿಗಳು ಈ ಕ್ಷಣದಷ್ಟೇ ಇರುವುದಿಲ್ಲ. ಈ ಏರುಪೇರನ್ನು ಯಾವ ಸರ್ಕಿಟ್ ಕೂಡ ಕಳೆಯಲಾರದು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಅರ್ಧ ನ್ಯಾನೋಆಂಪಿಯರ್. ಸಣ್ಣ ಕೀಟದ ರೆಕ್ಕೆಯನ್ನು ಮುಳುಗಿಸಲು ಅಷ್ಟು ಸಾಕು.

ಇಲ್ಲಿ ಸಹಾಯಕ್ಕೆ ಬಂದದ್ದು ಒಂದು ಗಾಜಿನ ಚೂರು. 940 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನಷ್ಟೇ ಬಿಡುವ ಕಿರಿದಾದ ಫಿಲ್ಟರನ್ನು ಫೋಟೋಡಯೋಡಿನ ಮುಂದಿಟ್ಟರೆ ಬಿಸಿಲು ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ, ಏರುಪೇರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಆ ಅಲೆಯುದ್ದವನ್ನೇ ಆರಿಸಲು ಕಾರಣಗಳಿವೆ. ಗಾಳಿಯಲ್ಲಿರುವ ನೀರಾವಿ ಅಲ್ಲಿ ಬಿಸಿಲನ್ನು ತಾನೇ ಹೀರಿಕೊಂಡಿರುತ್ತದೆ, ಕೀಟಗಳ ಕಣ್ಣಿಗೆ ಅದು ಕಾಣದು, ಸಿಲಿಕಾನಿಗೆ ಇನ್ನೂ ಕಾಣುತ್ತದೆ. ಟ್ರಾನ್ಸಿಸ್ಟರುಗಳ ಜಾಣತನದಿಂದ ಆಗದ ಕೆಲಸ ಬೆಳಕಿನ ಹಾದಿಯಲ್ಲೇ ಆಗಿಹೋಯಿತು. ಚಿಪ್ಪಿನವನಾಗಿ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಂಕಟವಾಗುತ್ತದೆ.

ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ರಸಾಯನಶಾಸ್ತ್ರ. ರೆಕ್ಕೆಯ ಬಡಿತದಿಂದ ಕೀಟದ ಪ್ರಭೇದ ಗುರುತಿಸುವುದರ ಬಗ್ಗೆ ಸಂಶೋಧನಾ ಪ್ರಬಂಧಗಳು ರಾಶಿ ಬಿದ್ದಿವೆ. ಶೇಕಡಾವಾರು ನಿಖರತೆಯ ಪೈಪೋಟಿ ಜೋರಾಗಿದೆ. ಪ್ರಯೋಗಾಲಯದಲ್ಲಿ ಸಾಕಿದ ಕೀಟಗಳ ಮೇಲೆ ಬಂದ ಅಂಕಿ ಹೊಲದಲ್ಲಿ ನಿಲ್ಲುವುದು ಕಷ್ಟ, ಏಕೆಂದರೆ ತಾಪಮಾನ ಏರಿದಂತೆ ಬಡಿತವೂ ಏರುತ್ತದೆ. ಬೆಳಗಿನ ಕೀಟ ಮಧ್ಯಾಹ್ನಕ್ಕೆ ಬೇರೆ ಕೀಟದಂತೆ ಕಾಣುತ್ತದೆ. ಆದರೆ ಬಲೆಯೊಳಗೆ ಮೋಹಕ ವಸ್ತು ಇಟ್ಟರೆ? ಹೆಣ್ಣು ಪತಂಗ ಗಂಡನ್ನು ಕರೆಯಲು ಸೂಸುವ ವಾಸನೆ ಒಂದೊಂದು ಪ್ರಭೇದಕ್ಕೂ ಹೆಚ್ಚುಕಡಿಮೆ ಅದರದ್ದೇ. ಇಂಥ ವಸ್ತುವನ್ನು ಮೊದಲ ಬಾರಿಗೆ ಗುರುತಿಸಿದ್ದು ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬ್ಯೂಟೆನಾಂಟ್, ಸುಮಾರು 5 ಲಕ್ಷ ರೇಷ್ಮೆ ಪತಂಗಗಳಿಂದ ಹಿಂಡಿ ತೆಗೆದು. ಅದೂ 1959ರಲ್ಲೇ. ಅದೇ ವರ್ಷ ಅಮೆರಿಕದ ರಾಬರ್ಟ್ ನಾಯ್ಸ್ ತನ್ನ ಸಿಲಿಕಾನ್ ಐಸಿಗೆ ಪೇಟೆಂಟ್ ಅರ್ಜಿ ಹಾಕಿದ್ದು. ಕೀಟದ ಮಟ್ಟದ ಲೇಖನ, ಮೋಹಕ ವಸ್ತು, ಐಸಿ, ಈ ಮೂರು ಕೆಲಸಗಳೂ ಒಂದೇ ವರ್ಷದವು, ಒಂದೇ ಪೆಟ್ಟಿಗೆಯೊಳಗೆ ಬರಲು ಮಾತ್ರ ದಶಕಗಳೇ ಬೇಕಾದವು. ಮೋಹಕ ಬಲೆಯಲ್ಲಿ ಪ್ರಭೇದದ ಆಯ್ಕೆ ಬಾಗಿಲಲ್ಲೇ ಬಹುಪಾಲು ಮುಗಿದಿರುತ್ತದೆ. ಚಿಪ್ ಗುರುತಿಸಬೇಕಿಲ್ಲ, ಎಣಿಸಿದರೆ ಸಾಕು. ನನ್ನ ವಿನ್ಯಾಸದಿಂದ ಒಂದಿಡೀ ಭಾಗ ಹೀಗೆ ಎದ್ದುಹೋಯಿತು, ಬ್ಯಾಟರಿಯ ಬಾಳಿಕೆ ಹೆಚ್ಚಿತು.

ವಿದ್ಯುತ್ತಿನ ಬದಲು ಬೆಳಕನ್ನೇ ಹರಿಸುವ ಬೆಳಕಿನ ಚಿಪ್ಪುಗಳ ಕಥೆಯೂ ಹೀಗೇ. ಸಿಲಿಕಾನಿನಲ್ಲಿ ಕೂದಲಿಗಿಂತ ಎಷ್ಟೋ ಕಿರಿದಾದ, 500 ನ್ಯಾನೋಮೀಟರ್ ಅಗಲ, 220 ನ್ಯಾನೋಮೀಟರ್ ಎತ್ತರದ ಹಾದಿಗಳನ್ನು ಕೊರೆದು ಉಂಗುರ ಮಾಡಿದರೆ, ಆಯ್ದ ಅಲೆಯುದ್ದದ ಬೆಳಕು ಅದರೊಳಗೆ ಅನುರಣಿಸುತ್ತದೆ. ಹುಳು ಕಡಿದ ಗಿಡ ಬಿಡುವ ಆವಿಯ ಅಣುಗಳು ಉಂಗುರದ ಮೈಗೆ ತಾಗಿದರೆ ಆ ಅಲೆಯುದ್ದ ತೀರಾ ಕೊಂಚ ಸರಿಯುತ್ತದೆ. ಕೇಳಲು ಚೆನ್ನ. ತೊಡಕೆಂದರೆ ತಾಪಮಾನ ಒಂದು ಡಿಗ್ರಿ ಏರಿದರೂ ಅದು ಸುಮಾರು 0.07 ನ್ಯಾನೋಮೀಟರ್ ಸರಿಯುತ್ತದೆ, ವಾಸನೆಯ ಪಾಲು ಅದರ ಮುಂದೆ ಏನೇನೂ ಅಲ್ಲ. ಪಕ್ಕದಲ್ಲಿ ಆವಿ ತಾಗದಂತೆ ಮುಚ್ಚಿದ ಇನ್ನೊಂದು ಉಂಗುರವಿಟ್ಟು ಹೋಲಿಸಿ ನೋಡುವುದು ವಾಡಿಕೆಯ ಪರಿಹಾರ.

ನಾವು ತಾಪಮಾನವನ್ನು ಶಪಿಸುತ್ತಿದ್ದರೆ ಕೀಟಶಾಸ್ತ್ರದ ಮಾರ್ಗದರ್ಶಕರು ಆ ಅಂಕಿಯನ್ನೇ ಕೊಡಿ ಎಂದು ಕೈಚಾಚಿದರು. ಕೀಟದ ಬೆಳವಣಿಗೆ ನಡೆಯುವುದು ಕ್ಯಾಲೆಂಡರಿನ ಪ್ರಕಾರವಲ್ಲ, ಶಾಖದ ಪ್ರಕಾರ. ಸೇಬಿನ ಕಾಯಿ ಕೊರೆಯುವ ಕಾಡ್ಲಿಂಗ್ ಪತಂಗ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳೆಯುವುದೇ ಇಲ್ಲವೆನ್ನಬಹುದು. ಅದಕ್ಕಿಂತ ಮೇಲಿನ ಡಿಗ್ರಿಗಳನ್ನು ದಿನದಿನಕ್ಕೂ ಕೂಡಿಸುತ್ತ ಹೋದರೆ, ಬಲೆಗೆ ಪತಂಗಗಳು ಬೀಳಲು ಶುರುವಾದ ದಿನದಿಂದ ಮೊತ್ತ 140ರ ಆಸುಪಾಸಿಗೆ ಬಂದಾಗ ಮೊಟ್ಟೆಯೊಡೆಯಲು ಆರಂಭ. ಶಾಖದ ಮೊತ್ತದಿಂದ ಬೆಳವಣಿಗೆ ಅಳೆಯುವ ಈ ವಿಚಾರ 1735ರಲ್ಲಿ ಫ್ರಾನ್ಸಿನ ವಿಜ್ಞಾನಿ ರೇಮ್ಯೂರ್ ಹೇಳಿದ್ದು. ತಾಪಮಾನ ಒಂದು ಡಿಗ್ರಿ ಏರಿದರೆ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುವ ಸಾಧಾರಣ ಟ್ರಾನ್ಸಿಸ್ಟರ್ ಸಂಧಿಯೊಂದು ಈ ಶಾಖ ಅಳೆಯಲು ಸಾಕು. ಇಡೀ ಚಿಪ್ಪಿನಲ್ಲಿ ರೈತರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಭಾಗ ಅದೇ ಎಂದರೆ ನನ್ನ ಆಪ್ಟಿಕ್ಸ್ ಗೆಳೆಯರು ಮುಖ ಸಿಂಡರಿಸುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಒಂದೇ ಶಾಸ್ತ್ರ ಬಲ್ಲವರು ಕಷ್ಟವನ್ನೆಲ್ಲ ಆ ಶಾಸ್ತ್ರದಲ್ಲೇ ಬಿಡಿಸಲು ಹೋಗುತ್ತಾರೆ. ನಾನು ಹುಳುವಿನ ಬಳಿ ಹೋಗದಿದ್ದರೆ ಆಂಪ್ಲಿಫೈಯರ್‌ನ ಗದ್ದಲವನ್ನು, ಅಂದರೆ ಸಂಕೇತಕ್ಕೆ ಬೆರೆಯುವ ಏರುಪೇರನ್ನು, ಇನ್ನಷ್ಟು ಕಡಿಮೆ ಮಾಡುತ್ತ ಕೂರುತ್ತಿದ್ದೆ. ಅದರಿಂದ ಲಾಭವೂ ಅಷ್ಟಕ್ಕಷ್ಟೇ. ಮೋಹಕ ಬಲೆಗೆ ಬೀಳುವುದು ಗಂಡು, ಮೊಟ್ಟೆ ಇಡುವುದು ಹೆಣ್ಣು. ಗಾಳಿ, ಬೆಳದಿಂಗಳು, ಬಲೆಯ ಎತ್ತರ ಎಲ್ಲವೂ ಸಂಖ್ಯೆಯನ್ನು ಅಲುಗಾಡಿಸುತ್ತವೆ. ಬಲೆಗೂ ಬೆಳೆಗೂ ನಡುವಿನ ನಂಟೇ ಇಷ್ಟು ಸಡಿಲವಾಗಿರುವಾಗ ನೂರಕ್ಕೆ ತೊಂಬತ್ತು ಸರಿಯಾಗಿ ಎಣಿಸಿದರೂ, ತೊಂಬತ್ತೊಂಬತ್ತು ಸರಿಯಾಗಿ ಎಣಿಸಿದರೂ ತೀರ್ಮಾನ ಬದಲಾಗುವುದು ಅಪರೂಪ. ಬೇಕಿರುವುದು ಮಟ್ಟ ದಾಟಿತೋ ಇಲ್ಲವೋ ಎಂಬ ಉತ್ತರ, ಮತ್ತು ಅದು ಸಮಯಕ್ಕೆ ಸರಿಯಾಗಿ ಸಿಗುವುದು.

ಈ ದಾರಿಗೆ ಬರುವ ವಿದ್ಯಾರ್ಥಿಗಳಿಗೆ ಹೇಳಬೇಕಾದ ಕಹಿ ಮಾತೂ ಇದೆ. ಸರ್ಕಿಟ್ ಪತ್ರಿಕೆಗಳು ಎಷ್ಟು ನ್ಯಾನೋವ್ಯಾಟ್, ಎಷ್ಟು ಡೆಸಿಬಲ್ ಎಂದು ಕೇಳುತ್ತವೆ; ಕೀಟಶಾಸ್ತ್ರದ ಪತ್ರಿಕೆಗಳು ಎಷ್ಟು ತಾಕು, ಎಷ್ಟು ಹಂಗಾಮು ಎಂದು ಕೇಳುತ್ತವೆ. ನಿಮ್ಮ ಕೆಲಸ ಎರಡು ಕಡೆಯೂ ಅರ್ಧಂಬರ್ಧವಾಗಿ ಕಾಣುತ್ತದೆ. ಚಿಪ್ ತಯಾರಿಯ ಗಡಿಯಾರ ಬೇರೆ. 1979ರಲ್ಲಿ ಅಮೆರಿಕದ ಚಿಪ್ ತಜ್ಞೆ ಲಿನ್ ಕಾನ್ವೇ ನಡೆಸಿದ ಪ್ರಯೋಗದ ನಂತರ, 1981ರಲ್ಲಿ ಮೋಸಿಸ್ ಸೇವೆ ಆರಂಭವಾದ ಮೇಲೆ, ಹಲವರ ವಿನ್ಯಾಸಗಳು ಒಂದೇ ಸಿಲಿಕಾನ್ ಬಿಲ್ಲೆಯನ್ನು ಹಂಚಿಕೊಳ್ಳುವುದು ಸಾಧ್ಯವಾಗಿ ವಿದ್ಯಾರ್ಥಿಗಳಿಗೂ ಚಿಪ್ ಕೈಗೆಟುಕಿತು. ಆದರೂ ವಿನ್ಯಾಸ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು. ಚಿಪ್ ಬಂದಾಗ ಕೀಟದ ಹಂಗಾಮು ಮುಗಿದಿದ್ದರೆ ಮುಂದಿನ ವರ್ಷವೇ ಗತಿ. ಆದ್ದರಿಂದ ಮೊದಲ ಹಂಗಾಮಿಗೆ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದ ಒಂದು ಒರಟು ಪೆಟ್ಟಿಗೆ ಕಟ್ಟಿ ಹೊಲದಲ್ಲಿಡಿ, ಆಮೇಲೆ ಚಿಪ್ಪಿನ ಯೋಚನೆ ಮಾಡಿ ಎನ್ನುತ್ತೇನೆ. ಹೆಚ್ಚಿನವರು ಕೇಳುವುದಿಲ್ಲ.

“ಹಾಗಾದರೆ ಈ ಪೆಟ್ಟಿಗೆ ಎಲ್ಲ ಕೀಟಕ್ಕೂ ಆಗುತ್ತದೆಯೇ?” ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಆಗುವುದಿಲ್ಲ. ಎಲೆಯ ಅಡಿಯಲ್ಲಿ ಬಲೆ ನೇಯ್ದುಕೊಂಡು ರಸ ಹೀರುವ ಕೆಂಪು ನುಸಿ ಅರ್ಧ ಮಿಲಿಮೀಟರ್ ಉದ್ದವಿರುತ್ತದೆ, ಅದಕ್ಕೆ ರೆಕ್ಕೆಯೇ ಇಲ್ಲ. ಅದರ ಮಟ್ಟಿಗೆ ಈಗಲೂ ಎಲೆ ತಿರುಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಒಂದೊಂದಾಗಿ ಎಣಿಸಬೇಕು.