“ಸರ್ ಕೇಳಿದರೆ ಉತ್ತರ ಇರಬೇಕಲ್ಲ?”

ನೇರಳೆ ಮುಚ್ಚಳದ ಒಂದು ರಕ್ತದ ಟ್ಯೂಬ್ ಈ ವಾರ ನನ್ನ ನೆಮ್ಮದಿ ಕೆಡಿಸಿದೆ. ಅದರ ಜೊತೆ ಬಂದ ಚೀಟಿಯಲ್ಲಿ ವಾರ್ಡಿನ ಒಬ್ಬ ಅಜ್ಜಿಯ ಹೆಸರು, ಮುಂದೆ ಎಚ್‌ಬಿಎ1ಸಿ ಎಂಬ ಸಕ್ಕರೆ ಪರೀಕ್ಷೆ ಎಂದಿತ್ತು. ಅದೇ ಅಜ್ಜಿಗೆ ಅದೇ ಪರೀಕ್ಷೆಯನ್ನು ನಮ್ಮ ಲ್ಯಾಬ್ ಮೂರು ವಾರದ ಹಿಂದೆ ಮಾಡಿತ್ತು. ಕೆಂಪು ರಕ್ತಕಣದೊಳಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಇದು ನೋಡುತ್ತದೆ, ಆ ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಈ ಪರೀಕ್ಷೆ ಹೇಳುವುದು ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು. ಇಷ್ಟು ಬೇಗ ಮತ್ತೆ ಕೇಳಿದರೆ ಅದು ಹೊಸದಾಗಿ ಏನು ತಾನೆ ಹೇಳೀತು?

ವಾರ್ಡಿಗೆ ಫೋನ್ ಮಾಡಿದೆ. ಎತ್ತಿದ್ದು ರಾತ್ರಿ ಡ್ಯೂಟಿ ಮುಗಿದರೂ ಮನೆಗೆ ಹೋಗದ ಕಿರಿಯ ಡಾಕ್ಟರು.

“ಮೊನ್ನೆ ಮೊನ್ನೆ ರಿಪೋರ್ಟ್ ಕೊಟ್ಟಿದ್ದೇವಲ್ಲಮ್ಮ, ಮತ್ತೆ ಯಾಕೆ?”

“ಗೊತ್ತು ಮೇಡಂ. ಆದರೆ ರೌಂಡ್ಸ್‌ನಲ್ಲಿ ಸರ್ ಕೇಳಿದರೆ ಉತ್ತರ ಇರಬೇಕಲ್ಲ?”

ಆ ಹುಡುಗಿ ಜಾಣೆ. 120 ದಿನದ ಲೆಕ್ಕ ನನ್ನಷ್ಟೇ ಅವಳಿಗೂ ಗೊತ್ತು. ಅದೇ ನನ್ನನ್ನು ಕಾಡುತ್ತಿರುವುದು. ಅನಗತ್ಯ ಪರೀಕ್ಷೆ ಕಡಿಮೆ ಮಾಡಿಸಬೇಕು ಎಂದಾಗಲೆಲ್ಲ ನಾವು ಉಪನ್ಯಾಸ ಇಡುತ್ತೇವೆ, ಗೋಡೆಗೆ ಚಾರ್ಟ್ ಅಂಟಿಸುತ್ತೇವೆ. ಗೊತ್ತಿಲ್ಲದವರಿಗೆ ತಿಳಿಸಬಹುದು, ಗೊತ್ತಿದ್ದೂ ಬರೆಯುವವರಿಗೆ ಏನು ತಿಳಿಸುವುದು?

ಮಧ್ಯಾಹ್ನ ವಾರ್ಡಿಗೆ ಹೋಗಿ ಅಜ್ಜಿಯನ್ನು ನೋಡಿದೆ. ಎರಡೂ ಮೊಣಕೈ ಒಳಮಡಿಕೆಯಲ್ಲಿ ಕಂದು, ಹಸಿರು, ಅಂಚಿನಲ್ಲಿ ಹಳದಿ. ನರ ಸಿಗದೆ ನರ್ಸ್ ಮುಂಗೈ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ವಾರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ತಾಳ್ಮೆ ಇರುವವರು ಆ ನರ್ಸ್, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಹೀಗೆ ದಿನವೂ ತೆಗೆಯುವ ರಕ್ತದಿಂದಲೇ ಆಸ್ಪತ್ರೆಯಲ್ಲಿರುವವರಿಗೆ ರಕ್ತಹೀನತೆ ಬರುವುದುಂಟು. ಅದು ಬಂದರೆ ಅದಕ್ಕೂ ಪರೀಕ್ಷೆ ಬರೆಯುತ್ತಾರೆ.

ಕೆಡುಕು ಅಲ್ಲಿಗೇ ನಿಲ್ಲುವುದಿಲ್ಲ. ಆರೋಗ್ಯವಂತರಲ್ಲಿ ನಡುವಿನ ಶೇ. 95 ಮಂದಿಯ ಅಂಕಿಯನ್ನು ನಾವು ‘ನಾರ್ಮಲ್’ ಎನ್ನುತ್ತೇವೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಗಟ್ಟಿಮುಟ್ಟಾದವರಿಗೆ ಮಾಡಿದರೂ ಒಂದಾದರೂ ಗೆರೆ ದಾಟುವ ಸಂಭವ ಸುಮಾರು ಶೇ. 64. ಆಮೇಲೆ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬಂದ ಆ ಅಂಕಿಯ ಬೆನ್ನು ಹತ್ತಿ ಮತ್ತೊಂದು ಟ್ಯೂಬ್, ಸ್ಕ್ಯಾನ್, ಮನೆಯವರ ನಿದ್ದೆಗೇಡು.

ಪರೀಕ್ಷೆ ಕೇಳುವ ಫಾರ್ಮ್ ಬದಲಿಸಿದರೆ ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ಟಿಕ್ ಹಾಕುವ ಚೌಕ ತೆಗೆದು, ಬೇಕಾದವರು ಹೆಸರು ಬರೆಯಲಿ ಎಂದರೆ ಬೇಡಿಕೆ ಇಳಿಯುತ್ತದೆ. ಕಂಪ್ಯೂಟರ್ ಹಿಂದಿನ ರಿಪೋರ್ಟಿನ ತಾರೀಖು ಎದುರಿಗೇ ತೋರಿಸಿದರೂ ಕೈ ತಡೆಯುತ್ತದೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ, ಅನಗತ್ಯ ಪರೀಕ್ಷೆ ಬೇಡವೆನ್ನುವ ‘ಚೂಸಿಂಗ್ ವೈಸ್ಲಿ’ ಆಂದೋಲನದ ಪಟ್ಟಿಯಲ್ಲೂ, ಸ್ಥಿರವಾಗಿರುವ ರೋಗಿಗೆ ಅವವೇ ರಕ್ತಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಬೇಡಿ ಎಂದಿದೆ. ಆದರೆ ರೌಂಡ್ಸ್‌ನಲ್ಲಿ ಎಲ್ಲರೆದುರು “ಯಾಕೆ ಮಾಡಿಸಿಲ್ಲ?” ಎಂದು ಬೈಸಿಕೊಂಡವಳ ಮುಂದೆ ಯಾವ ಪಟ್ಟಿ ನಿಂತೀತು? “ಯಾಕೆ ಮಾಡಿಸಿದೆ?” ಎಂದು ಬೈಸಿಕೊಂಡವರನ್ನು ನಾನಂತೂ ಕಂಡಿಲ್ಲ.

ರೌಂಡ್ಸ್‌ನಲ್ಲಿ ಪ್ರಶ್ನೆ ಕೇಳುವ ಆ ಹಿರಿಯ ಡಾಕ್ಟರ ಬಳಿಗೂ ಹೋದೆ. ರೋಗಿಯನ್ನು ಮುಟ್ಟಿ ನೋಡಿಯೇ ಅರ್ಧ ಕಾಯಿಲೆ ಹೇಳಬಲ್ಲವರು. ಕೋಪ ಮಾತ್ರ ಮೂಗಿನ ತುದಿಯಲ್ಲಿ. ಹುಡುಗಿಯ ಹೆಸರೆತ್ತದೆ ವಿಷಯ ಹೇಳಿದೆ. “ದಿನಕ್ಕೊಂದು ಸಲವಾದರೂ, ಈ ರಿಪೋರ್ಟ್ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ ಅಂತ ಕೇಳಿ ಸರ್” ಎಂದೆ.

ಅವರು ಕನ್ನಡಕ ತೆಗೆದಿಟ್ಟರು. “ಕೇಳಬಹುದು. ಆದರೆ ಏನಾದರೂ ತಪ್ಪಿಹೋದರೆ ಹೊಣೆ ನನ್ನ ತಲೆಗಲ್ವಾ?”

ಆ ಭಯ ಸುಳ್ಳಲ್ಲ. ಹಿರಿಯರಿಗೇ ಇಷ್ಟಿದ್ದರೆ ಅವರ ಕೆಳಗೆ ನಿಂತವಳಿಗೆ ಎಷ್ಟಿರಬೇಡ! ಅದಕ್ಕೇ ಬಾಯಿಮಾತು ಸಾಲದು, ಅವರ ಸಹಿ ಇರುವ ಒಂದು ಹಾಳೆ ವಾರ್ಡಿನಲ್ಲಿರಲಿ, ಕಿರಿಯರು ಬೆರಳಿಟ್ಟು ತೋರಿಸಲಿ ಎಂದೆ. “ಬರೆದು ಕಳಿಸಿ, ನೋಡೋಣ” ಎಂದರು.

ಬರೆಯುತ್ತಿದ್ದೇನೆ. ಎಚ್‌ಬಿಎ1ಸಿಗೆ ಮೂರು ತಿಂಗಳ ಅಂತರ; ಅದಕ್ಕೂ ಮೊದಲು ಬೇಕಿದ್ದರೆ ಒಂದು ಸಾಲು ಕಾರಣ ಬರೆದರೆ ಸಾಕು, ಮಾಡಿಕೊಡುತ್ತೇವೆ. ಅನುಮಾನವಿದ್ದರೆ ಫೋನ್ ಮಾಡಲು ಕೆಳಗೆ ನನ್ನ ನಂಬರ್ ಹಾಕಿದ್ದೇನೆ, ರಾತ್ರಿಯಾದರೂ ಸರಿ.