ಮೂಗಿಗಿಂತ ಮೂಗುತಿ ಭಾರ

10 ಜೂನ್ 2024, ಸೋಮವಾರ

ಬೆಳಿಗ್ಗೆ ಆರೂಮುಕ್ಕಾಲಿಗೇ ಫೋನು, ನಾನು ಡೇಟಾಬೇಸ್ ನೋಡಿಕೊಳ್ಳೋ ಕಡೆಯಿಂದ. "ಸಾರ್, ಹಳೇ ಬಿಲ್ಲೆಲ್ಲ ಕಾಣಿಸ್ತಿದೆ, ಹೊಸದು ಸೇವ್ ಆಗ್ತಿಲ್ಲ." ಓದೋಕೆ ಬರುತ್ತೆ, ಬರೆಯೋಕೆ ಬರಲ್ಲ ಅಂದಾಗಲೇ ಅನುಮಾನ ಬಂತು. ಲಾಗಿನ್ ಆಗಿ ನೋಡಿದರೆ ಬಿಲ್ಲಿನ ಡೇಟಾಬೇಸ್ ನಡೆಸೋ ಎಸ್‌ಕ್ಯೂಎಲ್ ಸರ್ವರ್‌ನ ಎರರ್ 9002. ಟ್ರಾನ್ಸಾಕ್ಷನ್ ಲಾಗ್, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡೋ ದಾಖಲೆ, ತುಂಬಿದೆ. ಡೇಟಾ ಫೈಲ್ 38 ಜಿಬಿ, ಅದರ ಲಾಗ್ ಫೈಲ್ 410 ಜಿಬಿ! ಡ್ರೈವ್‌ನಲ್ಲಿ ಒಂದು ಎಂಬಿಯೂ ಉಳಿದಿಲ್ಲ.

"ಆ ಎಲ್‌ಡಿಎಫ್ ಫೈಲ್ ಡಿಲೀಟ್ ಮಾಡ್ಲಾ?" ಅಂದರು ಆ ಕಡೆಯವರು. ಎಲ್‌ಡಿಎಫ್ ಅಂದರೆ ಆ ಲಾಗ್ ಫೈಲೇ. ಎದೆ ಧಸಕ್ ಅಂತು. ಡೇಟಾ ಫೈಲ್‌ಗೆ ಇನ್ನೂ ಇಳಿಯದ ಬದಲಾವಣೆಗಳು ಇರೋದೇ ಅದರಲ್ಲಿ. ಅದು ಹೋದರೆ ಡೇಟಾಬೇಸ್ ಮೇಲೇಳದೇ ಹೋಗಬಹುದು.

ಲಾಗ್ ಯಾಕೆ ಖಾಲಿಯಾಗ್ತಿಲ್ಲ ಅಂತ ತಿಳಿಯೋಕೆ ಸಿಸ್.ಡೇಟಾಬೇಸಸ್‌ನಲ್ಲಿ ಲಾಗ್_ರೀಯೂಸ್_ವೇಟ್_ಡೆಸ್ಕ್ ಕಾಲಂ ನೋಡಿದೆ. ಒಂದೇ ಮಾತು: 'ಲಾಗ್ ಬ್ಯಾಕಪ್'. ರಿಕವರಿ ಮಾಡೆಲ್ (ಲಾಗ್ ಎಲ್ಲಿವರೆಗೆ ಉಳಿಸಬೇಕು ಅನ್ನೋ ಸೆಟ್ಟಿಂಗ್) 'ಫುಲ್', ಅಂದರೆ ಲಾಗ್ ಬ್ಯಾಕಪ್ ಆಗೋವರೆಗೂ ಲಾಗ್ ಖಾಲಿಯಾಗಲ್ಲ. ರಾತ್ರಿ ಫುಲ್ ಬ್ಯಾಕಪ್ ತಪ್ಪದೆ ಆಗಿದೆ, ಸಾಲಾಗಿ ಹಸಿರು ಟಿಕ್. ಆದರೆ ಫುಲ್ ಬ್ಯಾಕಪ್ ಎಷ್ಟು ಸಲ ತೆಗೆದರೂ ಲಾಗ್ ಖಾಲಿಯಾಗಲ್ಲ. ಅದಕ್ಕೆ ಲಾಗ್ ಬ್ಯಾಕಪ್ಪೇ ಬೇಕು. ಈ ಹೆಸರಿನ ಗೊಂದಲಕ್ಕೆ ಎಷ್ಟು ಜನ ಬಿದ್ದಿದ್ದಾರೋ! ಹತ್ತು ವರ್ಷದ ಹಿಂದೆ ನಾನೂ ಬಿದ್ದಿದ್ದೆ.

ಸಿಂಪಲ್ ಮಾಡೆಲ್‌ಗೆ ಬದಲಾಯಿಸಿದರೆ ಲಾಗ್ ತಾನೇ ಖಾಲಿಯಾಗುತ್ತೆ, ಐದು ನಿಮಿಷದ ಕೆಲಸ. ಆದರೆ ಬೇಕಾದ ಕ್ಷಣದ ಸ್ಥಿತಿಗೆ ಡೇಟಾ ಮರಳಿಸೋಕೆ ಬೇಕಾದ ಲಾಗ್ ಸರಪಳಿ ಅಲ್ಲೇ ತುಂಡಾಗುತ್ತೆ. ಲೆಕ್ಕಪತ್ರದ ಡೇಟಾ, ಬೇಡ ಅನ್ನಿಸಿತು. ನೆಟ್‌ವರ್ಕ್‌ನ ಬೇರೆ ಡಿಸ್ಕಿಗೆ ಲಾಗ್ ಬ್ಯಾಕಪ್ ಹಾಕಿದೆ. ಎರಡು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಹನ್ನೊಂದು ಫೋನು.

ಬ್ಯಾಕಪ್ ಮುಗೀತು, ಒಳಗೆ ಖಾಲಿಯಾಯಿತು, ಫೈಲ್ ಮಾತ್ರ ಅಷ್ಟೇ ದಪ್ಪ. ಅದನ್ನು ಕುಗ್ಗಿಸೋಕೆ ಶ್ರಿಂಕ್‌ಫೈಲ್ ಕೊಟ್ಟೆ. ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಒಳಗೆ ನೋಡಿದರೆ 64 ಎಂಬಿಯಂತೆ ಬೆಳೆದು ಬೆಳೆದು ಆರು ಸಾವಿರಕ್ಕೂ ಜಾಸ್ತಿ ತುಂಡುಗಳು. ಸದ್ಯ ಬಳಕೆಯಲ್ಲಿರೋ ತುಂಡು ಕೂತಿದ್ದು ಕಟ್ಟಕಡೆಯಲ್ಲಿ. ಶ್ರಿಂಕ್ ಬಾಲದಿಂದ ಕತ್ತರಿಸುತ್ತೆ, ಬಾಲದಲ್ಲೇ ಜೀವ ಇದ್ದರೆ ಏನು ಕತ್ತರಿಸೋದು? ನಾಲ್ಕು ಬಿಲ್ ಹಾಕಿಸಿದೆ. ಬರವಣಿಗೆ ಸುತ್ತು ಹಾಕಿ ಫೈಲಿನ ತಲೆಗೆ ಬಂತು. ಇನ್ನೊಂದು ಲಾಗ್ ಬ್ಯಾಕಪ್, ಮತ್ತೆ ಶ್ರಿಂಕ್. ಈ ಸಲ ಸರ್ರನೆ ಇಳಿಯಿತು.

ತೀರಾ ಚಿಕ್ಕದು ಮಾಡಲಿಲ್ಲ. ಹೇಗೂ ಮತ್ತೆ ಬೆಳೆಯುತ್ತೆ, ಬೆಳೆಯುವಾಗ ಎಲ್ಲರನ್ನೂ ಕಾಯಿಸುತ್ತೆ. 8 ಜಿಬಿಗೆ ನಿಲ್ಲಿಸಿ, ಬೆಳವಣಿಗೆ 512 ಎಂಬಿ ಇಟ್ಟೆ. ಹದಿನೈದು ನಿಮಿಷಕ್ಕೊಂದು ಲಾಗ್ ಬ್ಯಾಕಪ್. "ಅಷ್ಟೊಂದು ಸಲನಾ?" ಅಂದರು. ಹೌದು, ಅಷ್ಟೊಂದು ಸಲ.

ಅದೇ ಸರ್ವರ್‌ನಲ್ಲಿ ಇನ್ನೂ ಎರಡು ಡೇಟಾಬೇಸ್ ಹೀಗೇ ಕೂತಿವೆ. ನಾಳೆ ಅವು.