ಸಹಿ ಬೇಕಿರೋದು ಯಾವುದಕ್ಕೆ?

"ಇದರಲ್ಲಿ ನನ್ನ ಸಹಿ ಬೇಕಿರೋದು ಯಾವುದಕ್ಕೆ?" ಎಂದು ಕೇಳಿ ಶಿಕ್ಷಣ ಇಲಾಖೆಯ ಅಧಿಕಾರಿ ನಮ್ಮ ಸಂಸ್ಥೆಗಳ ಒಕ್ಕೂಟದ ಪಾಲಿಸಿ ಬ್ರೀಫನ್ನು, ಅಂದರೆ ಸರ್ಕಾರಕ್ಕೆ ಬೇಡಿಕೆ ಮುಂದಿಡುವ ಚಿಕ್ಕ ವರದಿಯನ್ನು, ಮಗುಚಿಟ್ಟರು. ಕೊಟ್ಟಿದ್ದ ಹದಿನೈದು ನಿಮಿಷದಲ್ಲಿ ಒಂಬತ್ತು ನಿಮಿಷ ಸ್ಲೈಡುಗಳಿಗೇ ಹೋಗಿತ್ತು. ವಿಷಯ, ವಲಸೆ ಕುಟುಂಬಗಳ ಮಕ್ಕಳು ಶಾಲೆ ಬಿಡುವುದು. ಬೇಡಿಕೆ ಹನ್ನೊಂದು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಏಳನೆಯದರ ಮೇಲೆ ಬೆರಳಿಟ್ಟೆವು: ಟಿಸಿ ಇಲ್ಲದಿದ್ದರೂ ಮಗುವನ್ನು ಸೇರಿಸಿಕೊಳ್ಳಬೇಕೆಂಬ ನಿಯಮ ತನ್ನಿ. ಅವರು ನಕ್ಕರು. "ಅದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆಯಲ್ರೀ."

ಅಲ್ಲಿಂದ ಮುಂದೆ ನಾವು ಆಡಿದ ಮಾತೆಲ್ಲ ಸಮಜಾಯಿಷಿಯೇ.

ಫೀಲ್ಡ್ ಟೀಮಿನ ಡೇಟಾ ಸರಿಯಿತ್ತು. ತಪ್ಪಿದ್ದು ಆಮೇಲಿನ ಹೆಜ್ಜೆ. "ಮಕ್ಕಳು ಶಾಲೆ ಬಿಡುತ್ತಿದ್ದಾರೆ" ಎನ್ನುವುದು ಒಂದು ಸ್ಥಿತಿ. ಸ್ಥಿತಿಯೇ ಬೇರೆ, ಸಮಸ್ಯೆಯೇ ಬೇರೆ ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ಜಾನ್ ಕಿಂಗ್ಡನ್ 1984ರಲ್ಲೇ ಬಿಡಿಸಿ ಹೇಳಿದ್ದರು: ಇದಕ್ಕೆ ಏನಾದರೂ ಮಾಡಲೇಬೇಕು ಎಂದು ಜನ ನಂಬಿದಾಗ ಮಾತ್ರ ಸ್ಥಿತಿಯೊಂದು ಸಮಸ್ಯೆಯಾಗುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು. ಮಾಡಬೇಕಾದದ್ದನ್ನು ಮಾಡುವ ಅಧಿಕಾರ ಯಾರ ಮೇಜಿನಲ್ಲಿದೆ ಎಂದು ಗೊತ್ತಾಗುವವರೆಗೆ ಅದು ಸರ್ಕಾರದ ಅಜೆಂಡಾಕ್ಕೆ ಬರುವುದಿಲ್ಲ.

ಸಮಸ್ಯೆಯ ಕಾರಣಗಳನ್ನು ಬೇರಿನಂತೆ ಕೆಳಗೆ ಬಿಡಿಸುವ ಚಿತ್ರ, ಪ್ರಾಬ್ಲಂ ಟ್ರೀ, ಎಲ್ಲರೂ ಬರೆಯುತ್ತಾರೆ. ಬಹುತೇಕ ಮರಗಳು "ಬಡತನ", "ಅರಿವಿನ ಕೊರತೆ" ಎಂಬ ಬೇರಿಗೆ ಬಂದು ನಿಲ್ಲುತ್ತವೆ. ಅಲ್ಲಿ ನಿಲ್ಲಬಾರದು. ಒಂದು ನಿಯಮ, ಒಂದು ಬಜೆಟ್ ಲೆಕ್ಕಶೀರ್ಷಿಕೆ, ಒಂದು ಸುತ್ತೋಲೆ, ಒಂದು ಖಾಲಿ ಹುದ್ದೆ ಅಥವಾ ಒಂದು ಫಾರ್ಮ್ ಸಿಗುವ ತನಕ "ಯಾಕೆ" ಎಂದು ಕೇಳುತ್ತಲೇ ಇರಬೇಕು. ನಮ್ಮದನ್ನು ಮತ್ತೆ ಕೆದಕಿದಾಗ ಹೀಗಿತ್ತು: ಮಗು ಶಾಲೆಯಲ್ಲಿಲ್ಲ, ಯಾಕೆಂದರೆ ಹೊಸ ಶಾಲೆ ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಲಿಲ್ಲ, ಯಾಕೆಂದರೆ ಮುಖ್ಯ ಶಿಕ್ಷಕರು ಟಿಸಿ ಕೇಳಿದರು, ಕೇಳಿದರು, ಯಾಕೆಂದರೆ ದಾಖಲಾತಿ ಸಾಫ್ಟ್‌ವೇರ್‌ನಲ್ಲಿ ಟಿಸಿ ಸಂಖ್ಯೆ ತುಂಬದೆ ಮುಂದಿನ ಪುಟವೇ ತೆರೆಯುವುದಿಲ್ಲ. ಕೆಂಪು ನಕ್ಷತ್ರ ಹಾಕಿದ ಒಂದು ಖಾನೆ! ಫೀಲ್ಡ್ ನೋಟ್ಸ್‌ನಲ್ಲಿ ಇದು ಮೂರು ಕಡೆ ಬರೆದಿತ್ತು. ವರದಿಯ ನಾಲ್ಕನೇ ಅನುಬಂಧಕ್ಕೆ ತಳ್ಳಿದವರು ನಾವೇ; ಇಷ್ಟು ಸಣ್ಣ ವಿಷಯ ಮುಖ್ಯ ಪುಟಕ್ಕೆ ಶೋಭಿಸುವುದಿಲ್ಲ ಅನ್ನಿಸಿತ್ತು.

ಸಣ್ಣ ವಿಷಯದ ಬಲಕ್ಕೆ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1990ರಲ್ಲಿ ಶುರುವಾದ ಸಂಘಟನೆ ಅದು. ಕೇಳುತ್ತಿದ್ದದ್ದು ಸರ್ಕಾರಿ ಕಾಮಗಾರಿಗೆ ಕನಿಷ್ಠ ಕೂಲಿ. ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆ ಹಾಗೆ ಹೇಳುತ್ತದೆ ಎಂಬ ಉತ್ತರ ಬಂತು. ದಾಖಲೆ ತೋರಿಸಿ ಎಂದರೆ ಅದು ಗುಟ್ಟು. ಆಗ ಬೇಡಿಕೆ ಕೂಲಿಯಿಂದ ಮಸ್ಟರ್ ರೋಲ್‌ನ, ಅಂದರೆ ಕೂಲಿಕಾರರ ಹಾಜರಿ ಪಟ್ಟಿಯ, ನಕಲಿಗೆ ಹೊರಳಿತು. ತನ್ನ ಹೆಸರಿನ ಮುಂದೆ ಏನು ಬರೆದಿದ್ದಾರೆಂದು ಯಾರು ಬೇಕಾದರೂ ತಾಳೆ ನೋಡಬಹುದಾದ ಕಾಗದ ಅದು. 1994ರ ಡಿಸೆಂಬರ್‌ನಲ್ಲಿ ಜನಸುನವಾಯಿಗಳು (ದಾಖಲೆಗಳನ್ನು ಜನರ ಮುಂದೆ ಓದಿ ವಿಚಾರಿಸುವ ಸಭೆಗಳು) ಆರಂಭವಾದವು, 1996ರಲ್ಲಿ ರಾಜಸ್ಥಾನದ ಬ್ಯಾವರ್‌ ಪಟ್ಟಣದಲ್ಲಿ 40 ದಿನದ ಧರಣಿ ನಡೆಯಿತು, 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು.

ಇನ್ನು ಕಾನೂನು ತಪಾಸಣೆ. ಕಾಯ್ದೆ, ನಿಯಮಾವಳಿ, ಸುತ್ತೋಲೆ, ನ್ಯಾಯಾಲಯದ ಆದೇಶ, ಈ ನಾಲ್ಕನ್ನೂ ಈ ಕ್ರಮದಲ್ಲೇ ನೋಡಬೇಕು. ನಾವು ಬಿಟ್ಟದ್ದು ಮೊದಲನೆಯದನ್ನೇ. ಕಾಯ್ದೆಯಲ್ಲಿ ಇದ್ದರೆ ವಿಷಯ ಬಿದ್ದುಹೋಗುವುದಿಲ್ಲ, ಬೇಡಿಕೆಯ ಕ್ರಿಯಾಪದ ಬದಲಾಗುತ್ತದೆ: "ತನ್ನಿ" ಹೋಗಿ "ಜಾರಿ ಮಾಡಿ" ಆಗುತ್ತದೆ, ವಿಳಾಸದಾರರು ಶಾಸಕರಿಂದ ಇಲಾಖೆಗೆ ಬದಲಾಗುತ್ತಾರೆ.

ಯಾವ ಬೇಡಿಕೆ ಎತ್ತಬೇಕೆಂಬ ಆಯ್ಕೆಗೆ ಸ್ಕೋರ್ ಶೀಟ್ ಇಟ್ಟುಕೊಳ್ಳಬಹುದು. ನಿರ್ಧರಿಸುವವರು ಯಾರು, ಒಂದೇ ವಾಕ್ಯದಲ್ಲಿ ಕೇಳಬಹುದೇ, ಬಾಧಿತರು ಇದನ್ನು ತಮ್ಮದೆನ್ನುತ್ತಾರೆಯೇ, ವಿರೋಧಿಸುವವರಿಗೆ ನಷ್ಟವೇನು, ಪ್ರತಿಯೊಂದಕ್ಕೂ 1ರಿಂದ 5. ವಾಸ್ತವದಲ್ಲಿ ಆಗುವುದು ಬೇರೆ. ಸಂಸ್ಥೆಯ ಮೇಲಿನವರು ಯಾವುದಕ್ಕೆ ಎಷ್ಟು ತೂಕ ಎಂಬ ಒಂದು "ವೇಟೇಜ್" ಕಾಲಂ ಸೇರಿಸುತ್ತಾರೆ, ಹಣ ಕೊಡುವ ಡೋನರ್‌ನ ಥೀಮ್ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ. ಹನ್ನೊಂದು ಬೇಡಿಕೆ ಹುಟ್ಟಿದ್ದೂ ಹಾಗೆಯೇ. ಒಕ್ಕೂಟದ ಯಾವ ಸದಸ್ಯರಿಗೂ ಬೇಸರವಾಗಬಾರದೆಂದು ಎಲ್ಲರದ್ದೂ ಸೇರಿಸಿದ್ದೆವು. ಇದಕ್ಕೆ ಎದುರಾದ ಉದಾಹರಣೆಯೂ ಇದೆ: 1992ರಲ್ಲಿ ಆರು ಸಂಸ್ಥೆಗಳು ಸೇರಿ ಶುರು ಮಾಡಿದ ನೆಲಬಾಂಬ್ ವಿರೋಧಿ ಅಭಿಯಾನ ಯುದ್ಧದ ಆಯುಧಗಳನ್ನೆಲ್ಲ ಕೈಗೆತ್ತಿಕೊಳ್ಳಲಿಲ್ಲ. ಮನುಷ್ಯರನ್ನು ಗುರಿಯಾಗಿಸುವ ನೆಲಬಾಂಬಿನ ಪೂರ್ಣ ನಿಷೇಧ, ಅಷ್ಟೇ. 1997ರ ಡಿಸೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ 122 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು.

ಪತ್ರಿಕೆಯಲ್ಲಿ ಬಂದರೆ ಅಜೆಂಡಾ ಆಯಿತು ಎಂಬ ಭ್ರಮೆಯೂ ನಮ್ಮಲ್ಲಿದೆ. ಜನರ ಅಜೆಂಡಾ ಒಂದು, ಕಡತದ ಅಜೆಂಡಾ ಇನ್ನೊಂದು. ಸುದ್ದಿ ಮೊದಲನೆಯದನ್ನು ಅಲುಗಿಸುತ್ತದೆ. ಎರಡನೆಯದಕ್ಕೆ ಕ್ಯಾಲೆಂಡರ್ ಬೇಕು. ಇಲಾಖೆಗಳು ಅಂದಾಜುಪಟ್ಟಿ ಕಳಿಸಿ ತಿಂಗಳುಗಳಾದ ಮೇಲೆ, ಬಜೆಟ್ ವಾರದಲ್ಲಿ ಕೊಟ್ಟ ಮನವಿಗೆ ಸಿಗುವುದು ಸ್ವೀಕೃತಿ ಮುದ್ರೆ ಮತ್ತು ಒಂದು ಫೋಟೋ.

ಎರಡನೇ ಸಲ ಒಂದೇ ಹಾಳೆ ಒಯ್ದೆವು. ಮೇಲೆ ಕಾಯ್ದೆಯ ಕಲಮು, ನಡುವೆ ಆ ಖಾನೆಯ ಸ್ಕ್ರೀನ್‌ಶಾಟ್, ಕೆಳಗೆ ಒಂದು ವಾಕ್ಯ: ದಾಖಲಾತಿ ಆರಂಭವಾಗುವ ಮುನ್ನ ಈ ಖಾನೆಯನ್ನು ಐಚ್ಛಿಕ ಮಾಡಿ. ಅಧಿಕಾರಿ ಮಾರ್ಜಿನ್‌ನಲ್ಲಿ ಬರೆದು ಕೆಳಗೆ ಕಳಿಸಿದರು. ಕಡತ ಈಗ ಸಾಫ್ಟ್‌ವೇರ್ ವೆಂಡರ್ ಬಳಿ ಇದೆ. ಅವರು ಚೇಂಜ್ ರಿಕ್ವೆಸ್ಟ್ ಫಾರ್ಮ್ ಕೇಳಿದ್ದಾರೆ. ಅದರಲ್ಲೂ ಕೆಂಪು ನಕ್ಷತ್ರದ ಖಾನೆಗಳು ಹದಿನಾಲ್ಕು.